ಟಿಬಿಯಾ (ಮೊಣಕಾಲ ಕೆಳಗಿನ ದೊಡ್ಡ ಮೂಳೆ) 6 ಸೆಂ.ಮೀ. ಹೋಗಿದೆ: ಇಲಿಜರೋವ್ ಚೌಕಟ್ಟು ಹಾಕಿಸೋದಾ, ಕಾಲು ತೆಗೆಸೋದಾ?

ಪ್ರಶ್ನೆ: ಅಣ್ಣನ ಟಿಬಿಯಾ ಚರ್ಮ ಹರಿದುಕೊಂಡು ಮುರಿದಿತ್ತು. ಸತ್ತ ಮೂಳೆ ತೆಗೆದ ಮೇಲೆ 6 ಸೆಂ.ಮೀ. ಖಾಲಿ. ಗಾಯ ಮುಚ್ಚೋಕೆ ಹಾಕಿದ ಫ್ಲ್ಯಾಪ್ (ಬೇರೆ ಕಡೆಯಿಂದ ತಂದ ಚರ್ಮ-ಮಾಂಸ) ಹಿಡಿದಿದೆ. ಇಲಿಜರೋವ್ (ಕಾಲಿನ ಸುತ್ತ ಉಂಗುರ, ಮೂಳೆಯೊಳಗೆ ತಂತಿ-ಪಿನ್ ಹಾಕಿ ಕಟ್ಟೋ ಚೌಕಟ್ಟು) ಅಥವಾ ಮೊಣಕಾಲ ಕೆಳಗೆ ಆಂಪ್ಯುಟೇಶನ್, ನೀವೇ ನಿರ್ಧರಿಸಿ ಅಂದಿದ್ದಾರೆ. ಅನುಭವ ಇರೋರು ದಯವಿಟ್ಟು ಹೇಳಿ.

ಕಾಲು ಉಳಿಸಿಕೊಂಡವನು: ಉಳಿಸಿ. ಉಳಿದ ಮೂಳೆಯನ್ನ ಒಂದು ಕಡೆ ಕತ್ತರಿಸಿ ಸುಮಾರು ಒಂದು ವಾರ ಬಿಟ್ಟು, ಆ ತುಂಡನ್ನ ಖಾಲಿ ಜಾಗದ ಕಡೆ ಸರಿಸೋಕೆ ನಟ್ ತಿರುಗಿಸೋದು ಶುರು, ಹಿಂದೆ ಹೊಸ ಮೂಳೆ ಬೆಳೆಯುತ್ತೆ: ಆರು ಗಂಟೆಗೊಮ್ಮೆ ಕಾಲು ಮಿ.ಮೀ., ದಿನಕ್ಕೆ 1 ಮಿ.ಮೀ. ಆರು ಸೆಂ.ಮೀ.ಗೆ ಎರಡು ತಿಂಗಳು. ಆಮೇಲೆ ಹೊಸ ಮೂಳೆ ಗಟ್ಟಿಯಾಗೋದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ. ಚೌಕಟ್ಟು ವರ್ಷದ ಹತ್ತಿರ ಇರಬಹುದು. ಮುಂಚೆಯೇ ಕೇಳಬೇಕಾದ್ದು ಡಾಕಿಂಗ್ ಜಾಗದ ಬಗ್ಗೆ. ಅಂದರೆ ಸರಿದು ಬಂದ ತುಂಡು ಆಚೆ ತುದಿಯನ್ನ ಮುಟ್ಟೋ ಕಡೆ, ಎಷ್ಟೋ ಸಲ ಮಧ್ಯೆ ಮಾಂಸ ಸಿಕ್ಕಿಕೊಂಡು ಕೂಡೋದೇ ಇಲ್ಲ, ಆಗ ಮತ್ತೆ ಬಿಚ್ಚಿ ಸೊಂಟದ ಮೂಳೆ ತುಂಬಬೇಕಾಗುತ್ತೆ. ಪಾದವನ್ನೂ ಚೌಕಟ್ಟಿಗೆ ಸೇರಿಸಿ ಅಥವಾ ಸ್ಪ್ಲಿಂಟ್ ಕಟ್ಟಿ ಅನ್ನಿ, ಇಲ್ಲದಿದ್ದರೆ ಹಿಮ್ಮಡಿ ಮೇಲೆದ್ದು ಬೆರಳಮೇಲೆ ನಿಲ್ಲೋ ಹಾಗಾಗುತ್ತೆ. ನಟ್ ತಿರುಗಿಸೋ ದಿಕ್ಕಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ.

ಕೃತಕ ಕಾಲಿನವಳು: ವರ್ಷಗಟ್ಟಲೆ ಕಂಬಿ ಹೊತ್ತು ಕೊನೆಗೂ ತೆಗೆಸಿದವರನ್ನೂ ಕೇಳಿ, ಸರ್. ತೆಗೆಸೋದಾದರೆ ಮೊದಲ ದಿನದಿಂದಲೇ ಮೊಣಕಾಲ ಕೆಳಗೆ ದಿಂಬು ಇಡಬೇಡಿ. ಮಡಿಚಿದ ಮಂಡಿ ಹಾಗೇ ಬಿಗಿದುಕೊಂಡರೆ ಕೃತಕ ಕಾಲು ಕೂರಿಸೋದೇ ಕಷ್ಟ. ದಿನಾ ಬೋರಲಾಗಿ ಮಲಗಿಸಿ. ಊತ ಇಳಿದಂತೆ ಮೊದಲ ಸಾಕೆಟ್ (ಉಳಿದ ಕಾಲು ಕೂರೋ ಕೃತಕ ಕಾಲಿನ ಬಟ್ಟಲು) ಸಡಿಲ ಆಗೇ ಆಗುತ್ತೆ, ಉಳಿದ ಕಾಲಿಗೆ ಹಾಕೋ ಕಾಲ್ಚೀಲದ ಪದರ ಹೆಚ್ಚಿಸ್ತಾ ಹೋಗಬೇಕು. ಹತ್ತು ಪದರ ದಾಟಿದರೆ ಸಾಕೆಟ್ಟೇ ಬದಲಿಸಿ. ಲೈನರ್ (ಸಾಕೆಟ್ ಒಳಗೆ ಚರ್ಮಕ್ಕೆ ತಾಗಿ ಹಾಕೋ ಮೆತ್ತನೆ ಹೊದಿಕೆ) ದಿನಾ ತೊಳೀಬೇಕು, ಸೋಪು ಒಂಚೂರೂ ಉಳೀಬಾರದು, ಉಳಿದರೆ ಚರ್ಮ ಕೆರಳುತ್ತೆ.

ಕಾಲು ಉಳಿಸಿಕೊಂಡವನು: ಸಾಕೆಟ್ ಜೀವನಪೂರ್ತಿ ಬದಲಿಸ್ತಾನೇ ಇರಬೇಕು, ಅದನ್ಯಾಕೆ ಹೇಳಲ್ಲ?

ಕೃತಕ ಕಾಲಿನವಳು: ಪದರದ ಲೆಕ್ಕ ಮತ್ತೇನಕ್ಕೆ ಹೇಳಿದೆ? ಓದಿ ಮಾತಾಡಿ.

ಫಿಸಿಯೋ: ಇಬ್ಬರೂ ನಿಲ್ಲಿಸಿ. ಕಾಲಿಗೆ ತೀವ್ರ ಪೆಟ್ಟಾದವರ ಮೇಲೆ ನಡೆದ ಅಮೆರಿಕದ ಲೀಪ್ (LEAP) ಅಧ್ಯಯನದ 2002ರ ವರದಿ ಪ್ರಕಾರ, ಎರಡು ವರ್ಷಕ್ಕೆ ಎರಡೂ ಗುಂಪಿನವರ ಓಡಾಟ ಹೆಚ್ಚುಕಮ್ಮಿ ಒಂದೇ. ಉಳಿಸಿಕೊಂಡವರು ಮತ್ತೆ ಆಸ್ಪತ್ರೆ ಸೇರಿದ್ದು ಜಾಸ್ತಿ. ಅಂಗಾಲಿಗೆ ಸ್ಪರ್ಶ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತೆಗೆಸಬೇಡಿ, ಅದು ಎಷ್ಟೋ ಜನಕ್ಕೆ ಮರಳಿದೆ. ಸಿಗರೇಟು ಮಾತ್ರ ಇವತ್ತೇ ಬಿಡಿಸಿ, ಮೂಳೆ ಕೂಡೋದನ್ನ ಅದು ತಡೆಯುತ್ತೆ.

ಇನ್ನೊಬ್ಬರು: ಪಿನ್ ಬುಡಕ್ಕೆ ದಿನಾ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಏನೂ ಆಗಲ್ಲ.

ಕಾಲು ಉಳಿಸಿಕೊಂಡವನು: ದಯವಿಟ್ಟು ಹಾಕಬೇಡಿ! ಹೊಸ ಜೀವಕೋಶಗಳನ್ನೂ ಸುಡುತ್ತೆ. ವಾರಕ್ಕೊಮ್ಮೆ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್, ಪ್ರತಿ ಪಿನ್ನಿಗೂ ಬೇರೆ ಗಾಜ್ (gauze) ಬಟ್ಟೆ, ಮೇಲೆ ಚರ್ಮ ಅಲುಗಾಡದಷ್ಟು ಒತ್ತಿ ಡ್ರೆಸಿಂಗ್.

ಇನ್ನೊಬ್ಬರು: ವಾರಕ್ಕೊಮ್ಮೆ ಸಾಕಾ? ಕೀವು ಬಂದರೆ ನೀವು ಬರ್ತೀರಾ?

ಕಾಲು ಉಳಿಸಿಕೊಂಡವನು: ಕೀವು ಬಂದಾಗ, ಒದ್ದೆಯಾದಾಗ ದಿನಾ ಮಾಡಿ, ಬೇಡ ಅಂದೋರ್ಯಾರು? ಆದರೆ ಎಷ್ಟೋ ಸಲ ಕೀವಿನ ಮೂಲ ಸಡಿಲವಾದ ತಂತಿ. ಅದು ಅಲುಗಾಡಿ ಚರ್ಮ ಉಜ್ಜುತ್ತೆ. ಪೂರ್ತಿ ಉಂಗುರದ ತಂತಿಯನ್ನ ಸುಮಾರು 130 ಕೆ.ಜಿ. ಬಿಗಿತಕ್ಕೆ ಎಳೆದಿರ್ತಾರೆ. ಸಡಿಲವಾದರೆ ಆಂಟಿಬಯೋಟಿಕ್ ಮಾತ್ರೆಯೊಂದೇ ಸಾಲದು, ಸರ್ಜನ್ ಅದನ್ನ ಬಿಗೀಬೇಕು ಇಲ್ಲ ತೆಗೀಬೇಕು.