ನಲವತ್ತು ದಾಟಿದ ಮೇಲೆ ಎಲೆಕ್ಟ್ರಿಕ್ ಗಿಟಾರ್: ಚಿಕ್ಕಮಗಳೂರು–ಹಾಸನ ಕಡೆಯವರ ಅನುಭವ

ಪ್ರಶ್ನೆ, ಚಿಕ್ಕಮಗಳೂರಿನಿಂದ

ವಯಸ್ಸು ನಲವತ್ತೆರಡು. ಚಿಕ್ಕಂದಿನಲ್ಲಿ ಸರಳೆ, ಜಂಟಿವರಸೆ ತನಕ ಹಾಡಿ ಬಿಟ್ಟದ್ದು, ಅಷ್ಟೇ ಸಂಗೀತ. ಈಗ ಎಲೆಕ್ಟ್ರಿಕ್ ಗಿಟಾರ್ ಕಲಿಯಬೇಕು ಅಂತಿದೀನಿ. ಬಾಡಿಗೆ ಮನೆ, ಪಕ್ಕದವರದ್ದೂ ನಮ್ಮದೂ ಒಂದೇ ಗೋಡೆ, ಬಿಡುವು ಸಿಗೋದು ರಾತ್ರಿ ಒಂಬತ್ತರ ಮೇಲೆ. ಮೊದಲು ಅಕೂಸ್ಟಿಕ್ ಕಲೀಲೇಬೇಕು ಅಂತ ಎಲ್ಲರೂ ಹೇಳ್ತಾರೆ, ನಿಜವಾ? ಏನೇನು ಕೊಳ್ಳಬೇಕು, ಎಲ್ಲಿಂದ ಶುರು ಮಾಡಬೇಕು, ನಮ್ಮ ಮಳೆಗೆ ವಾದ್ಯ ತಡೆಯುತ್ತಾ?

ಮೂಡಿಗೆರೆಯಿಂದ

ಅಕೂಸ್ಟಿಕ್ ಮೊದಲು ಅನ್ನೋ ಮಾತಿಗೆ ಬುಡ ಇಲ್ಲ. ಅಕೂಸ್ಟಿಕ್‌ಗೆ ಸಾಮಾನ್ಯವಾಗಿ ಹಾಕೋ 12ರ ತಂತಿ ಸೆಟ್ಟಿನ ಒಟ್ಟು ಎಳೆತ 70 ಕೆ.ಜಿ. ಮೀರುತ್ತೆ. ಎಲೆಕ್ಟ್ರಿಕ್‌ನ 9ರ ಸೆಟ್ಟು, ಅಂದರೆ 0.009ರಿಂದ 0.042 ಇಂಚಿನದ್ದು, 38 ಕೆ.ಜಿ. ಆಸುಪಾಸು. ನಲವತ್ತರ ಬೆರಳಿಗೆ ಯಾವುದು ಸಲೀಸು ಅಂತ ಬೇರೆ ಹೇಳಬೇಕಿಲ್ಲ. ಮೇಲಾಗಿ ಎರಡರ ಬಲಗೈ ಕೆಲಸವೇ ಬೇರೆ. ಎಲೆಕ್ಟ್ರಿಕ್‌ನಲ್ಲಿ ನುಡಿಸಿದಷ್ಟೇ ಮುಖ್ಯ, ನುಡಿಸದ ತಂತಿಗಳನ್ನ ಸುಮ್ಮನಿರಿಸೋದು. ಅದನ್ನ ಅಕೂಸ್ಟಿಕ್ ಕಲಿಸಲ್ಲ.

ಕೊಳ್ಳುವಾಗ ನೋಡಬೇಕಾದ್ದು ಬಣ್ಣ ಅಲ್ಲ, ಬ್ರಿಡ್ಜ್, ಅಂದರೆ ಒಡಲ ಮೇಲೆ ತಂತಿಗಳು ಕೂರೋ ಲೋಹದ ಭಾಗ. ಅಲುಗಾಡದ ಫಿಕ್ಸೆಡ್ ಬ್ರಿಡ್ಜ್ ಇರಲಿ. ಫ್ಲಾಯ್ಡ್ ರೋಸ್ ಥರದ ತೇಲುವ ಬ್ರಿಡ್ಜ್ ಮೊದಲ ಗಿಟಾರಿಗೆ ಖಂಡಿತ ಬೇಡ. ಒಂದು ತಂತಿ ಬದಲಿಸಿದರೆ ಆರೂ ತಂತಿಯ ಶ್ರುತಿ ಕೆಡುತ್ತೆ, ಶ್ರುತಿ ಮಾಡೋದರಲ್ಲೇ ನಿಮ್ಮ ರಾತ್ರಿಯ ಅರ್ಧ ಗಂಟೆ ಕಳೆದುಹೋಗುತ್ತೆ. ಯಮಹಾ ಪೆಸಿಫಿಕಾ 012ರಂಥವುಗಳ ಸಾದಾ ಟ್ರೆಮೊಲೊ (ಕೋಲು ಒತ್ತಿ ಸ್ವರ ಅಲುಗಿಸೋ ಬ್ರಿಡ್ಜ್) ಪರವಾಗಿಲ್ಲ, ಅದರ ಕೋಲು ತೆಗೆದಿಟ್ಟು ನುಡಿಸಿದರಾಯಿತು. ಬ್ರಿಡ್ಜ್ ಹತ್ತಿರದ ಪಿಕಪ್ (ತಂತಿಯ ಕಂಪನ ಹಿಡಿಯೋ ಆಯಸ್ಕಾಂತದ ಸುರುಳಿ) ಹಂಬಕರ್, ಅಂದರೆ ಜೋಡಿ ಸುರುಳಿಯದ್ದು, ಆಗಿದ್ದರೆ ಒಳ್ಳೇದು. ಸಿಂಗಲ್ ಕಾಯಿಲ್ ಪಿಕಪ್ಪು ನಮ್ಮ ಮನೆಗಳ ವೈರಿಂಗಿನ ಗೊರಗೊರ ಎಲ್ಲವನ್ನೂ ಹೀರಿಕೊಳ್ಳುತ್ತೆ.

ಅಂಗಡಿಯಲ್ಲಿ ಆರೂ ತಂತಿಯನ್ನ ಒಂದೊಂದು ಮನೆಯಲ್ಲೂ ಒತ್ತಿ ಮೀಟಿ. ಒಂದೇ ಜಾಗದಲ್ಲಿ ಝರ್ ಅಂದರೆ ಅಲ್ಲೊಂದು ಫ್ರೆಟ್ (ಮನೆಗಳ ನಡುವಿನ ಲೋಹದ ಅಡ್ಡಪಟ್ಟಿ) ಎದ್ದಿದೆ, ಆ ಪೀಸು ಬಿಡಿ. ಎಲ್ಲ ಕಡೆ ಝರ್ ಅಂದರೆ ಸೆಟಪ್, ಅಂದರೆ ನೆಕ್, ತಂತಿಗಳ ಹೊಂದಾಣಿಕೆ, ಆಗಿಲ್ಲ ಅಷ್ಟೇ, ಸರಿಮಾಡಬಹುದು.

ಹಾಸನದಿಂದ

ಆ ಸೆಟಪ್ ಬಗ್ಗೆಯೇ ವಿವರವಾಗಿ ಬರೀತೀನಿ, ಯಾಕಂದರೆ ವಯಸ್ಸಾದ ಮೇಲೆ ಶುರುಮಾಡಿ ಬಿಟ್ಟುಬಿಡೋರು ಬಹಳ ಜನ ಬೆರಳು ಬಗ್ಗಲ್ಲ ಅಂತ ಬಿಡ್ತಾರೆ. ಬಗ್ಗದೆ ಇರೋದು ಬೆರಳಲ್ಲ. ಪೆಟ್ಟಿಗೆಯಿಂದ ತೆಗೆದ ಹಾಗೇ ಇರುವ ಗಿಟಾರಿನಲ್ಲಿ ತಂತಿ ಎತ್ತರದಲ್ಲಿರುತ್ತೆ. ಇದಕ್ಕೋಸ್ಕರ ಬೆಂಗಳೂರಿಗೆ ಹೋಗಬೇಕಿಲ್ಲ. ಬೇಕಾದ್ದು ನಾಲ್ಕೇ: ಫೀಲರ್ ಗೇಜ್ (ಬೈಕಿನ ಟ್ಯಾಪೆಟ್ ಸೆಟ್ ಮಾಡೋದು, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತೆ), ಅರ್ಧ ಮಿ.ಮೀ. ಗೆರೆ ಇರೋ ಸ್ಟೀಲ್ ಸ್ಕೇಲ್, ಗಿಟಾರ್ ಜೊತೆ ಕೊಟ್ಟ ಅಲೆನ್ ಕೀ, ಒಂದು ಕ್ಲಿಪ್ ಟ್ಯೂನರ್.

ಕ್ರಮ ತಪ್ಪಿಸಬೇಡಿ. ಹೊಸ ತಂತಿ ಹಾಕಿ, ಸರಿಯಾಗಿ ಶ್ರುತಿ ಮಾಡಿ, ಆಮೇಲೆ ನೆಕ್ (ಫ್ರೆಟ್‌ಗಳಿರೋ ಉದ್ದ ಕತ್ತು) ನೋಡಿ. ದಪ್ಪ ತಂತಿಯನ್ನ ಮೊದಲ ಫ್ರೆಟ್‌ನಲ್ಲೂ ಕಡೇ ಫ್ರೆಟ್‌ನಲ್ಲೂ ಒತ್ತಿ ಹಿಡಿದರೆ ನಡುವೆ ಏಳು–ಎಂಟನೇ ಫ್ರೆಟ್ ಹತ್ತಿರ ಫೀಲರ್ ಗೇಜಿನ 0.25 ಮಿ.ಮೀ. ಎಲೆ ಹಗುರಾಗಿ ತೂರಬೇಕು. ಸಂದು ಅದಕ್ಕಿಂತ ಜಾಸ್ತಿ ಇದ್ದರೆ ನೆಕ್ ಮುಂದಕ್ಕೆ ಬಾಗಿದೆ, ಟ್ರಸ್ ರಾಡ್ (ನೆಕ್ ಒಳಗಿನ ಕಬ್ಬಿಣದ ಸರಳು, ಅಲೆನ್ ಕೀಯಿಂದ ತಿರುಗಿಸೋದು) ಬಿಗಿಮಾಡಿ. ಸಂದೇ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ ಶ್ರುತಿ, ಮತ್ತೆ ಅಳತೆ. ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ. ಆ ರಾಡ್ ಮುರಿದರೆ ನೆಕ್ಕೇ ಹೋಯಿತು ಅಂತ ಲೆಕ್ಕ.

ಆಮೇಲೆ ತಂತಿಯ ಎತ್ತರ. ಹನ್ನೆರಡನೇ ಫ್ರೆಟ್‌ನ ಲೋಹದ ತಲೆಯಿಂದ ತಂತಿಯ ತಳಕ್ಕೆ ದಪ್ಪ ತಂತಿಗೆ 2 ಮಿ.ಮೀ., ಸಣ್ಣದಕ್ಕೆ 1.5. ಬ್ರಿಡ್ಜಿನ ಮೇಲೆ ತಂತಿ ಕೂರೋ ಸ್ಯಾಡಲ್‌ಗಳ ಸ್ಕ್ರೂಗಳಲ್ಲಿ ಇಳಿಸಿ ಏರಿಸಿ. ಇದಕ್ಕಿಂತ ಇಳಿಸಿ ಬೆಣ್ಣೆಯಾಯಿತು ಅಂತ ಖುಷಿಪಡಬೇಡಿ, ಹೊಸಬರ ಬಲಗೈ ಜೋರು, ಝರ್ ಅನ್ನುತ್ತೆ.

ಕಡೆಯದು ಇಂಟೊನೇಶನ್, ಅಂದರೆ ನೆಕ್ ಉದ್ದಕ್ಕೂ ಸ್ವರ ಶ್ರುತಿಯಲ್ಲಿರೋದು. ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನ ಬರೇ ತಾಕಿಸಿ ಮೀಟಿದ ಹಾರ್ಮೋನಿಕ್, ಅದೇ ಜಾಗದಲ್ಲಿ ಒತ್ತಿ ಮೀಟಿದ ಸ್ವರ, ಎರಡೂ ಟ್ಯೂನರ್‌ನಲ್ಲಿ ಒಂದೇ ಕಡೆ ನಿಲ್ಲಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ.

ಯಾರೂ ನೋಡದ ಜಾಗ ನಟ್, ನೆಕ್ ತುದಿಯಲ್ಲಿ ತಂತಿ ಹಾಯೋ ಗೀರುಗಳಿರೋ ಪಟ್ಟಿ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದರೆ ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟೇ ಸಂದು ಕಾಣಬೇಕು. ಅರ್ಧ ಮಿ.ಮೀ. ಕಾಣ್ತಿದ್ದರೆ ನಟ್ ಎತ್ತರ ಇದೆ. ಎಫ್ ಕಾರ್ಡ್ (ಕಾರ್ಡ್ ಅಂದರೆ ಹಲವು ತಂತಿ ಒಟ್ಟಿಗೆ ಮೀಟೋ ಸ್ವರಗುಚ್ಛ) ಜನ್ಮದಲ್ಲಿ ಬರಲ್ಲ ಅಂತ ಅಳೋರಲ್ಲಿ ಅರ್ಧ ಜನರ ರೋಗ ಇಲ್ಲಿದೆ. ಇದನ್ನ ಮಾತ್ರ ಸ್ವಂತ ಅರ ಹಿಡಿದು ಉಜ್ಜಬೇಡಿ. ಹೆಚ್ಚು ಉಜ್ಜಿದರೆ ಹೊಸ ನಟ್ಟೇ ಹಾಕಬೇಕು.

ಸಕಲೇಶಪುರದಿಂದ

ಮಳೆ ವಿಷಯ. ಎಲೆಕ್ಟ್ರಿಕ್‌ನ ಒಡಲು ಗಟ್ಟಿ ಮರ, ಮೇಲೆ ದಪ್ಪ ಪಾಲಿಶ್, ಅಕೂಸ್ಟಿಕ್ ಥರ ಹೊಟ್ಟೆ ಉಬ್ಬಲ್ಲ, ಅಂಟು ಬಿಡಲ್ಲ. ಕೆಡೋದು ಮೂರು: ತಂತಿ, ನೆಕ್, ಒಳಗಿನ ಪಾಟ್‌ಗಳು (ವಾಲ್ಯೂಮ್, ಟೋನ್ ತಿರುಗಿಸೋ ಭಾಗಗಳು).

ಆರಿದ್ರಾ ಮಳೆ ಹಿಡಿದ ಮೇಲೆ ಸಾದಾ ತಂತಿ ವಾರ ಕಳೆಯೋದರೊಳಗೆ ಕಂದುಬಣ್ಣಕ್ಕೆ ತಿರುಗುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಟೆಡ್ (ಲೇಪ ಇರೋ) ತಂತಿ ಹಾಕಿ. ಬೆಲೆ ದುಪ್ಪಟ್ಟು, ಬಾಳಿಕೆ ಅದಕ್ಕಿಂತ ಜಾಸ್ತಿ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿಯ ಮೇಲೂ ಕೆಳಗೂ ಒರೆಸಿ. ಬೆವರು ಉಳಿಯೋದು ಕೆಳಗಡೆ.

ಹೊರಗೋಡೆಗೆ ಗಿಟಾರ್ ನೇತುಹಾಕೋ ಸ್ಟೈಲು ಬಯಲುಸೀಮೆಯವರಿಗಿರಲಿ. ಮಲೆನಾಡಿನಲ್ಲಿ ಪಶ್ಚಿಮದ ಗೋಡೆ ಒಳಗಿನಿಂದಲೇ ಒದ್ದೆ. ಗಟ್ಟಿ ಕೇಸಿನಲ್ಲಿಟ್ಟು ಜೊತೆಗೆ ಕಾಲು ಕೆ.ಜಿ. ಸಿಲಿಕಾ ಜೆಲ್, ಬಟ್ಟೆಯ ಚೀಲದಲ್ಲಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಒವೆನ್‌ನಲ್ಲಿ 110–120 ಡಿಗ್ರಿಯಲ್ಲಿ ಮತ್ತೆ ನೀಲಿ ಆಗೋವರೆಗೆ ಒಣಗಿಸಿ. ನೀಲಿ ಬಣ್ಣಕ್ಕೆ ಬಳಸೋದು ಕೋಬಾಲ್ಟ್ ಕ್ಲೋರೈಡ್, ವಿಷ. ಅಡುಗೆಯ ಒವೆನ್ ಬಳಸೋದಾದರೆ ಕಿತ್ತಳೆ ಬಣ್ಣದ್ದನ್ನೇ ತನ್ನಿ. ಕೇಸಿನೊಳಗೆ ಒಂದು ಸಣ್ಣ ಹೈಗ್ರೋಮೀಟರ್ ಇಡಿ, ತೇವ 45ರಿಂದ 55 ಪರ್ಸೆಂಟ್ ಇದ್ದರೆ ಸಾಕು. ಒಲೆಯ ಅಟ್ಟದ ಮೇಲೆ ಬೆಚ್ಚಗಿರುತ್ತೆ ಅಂತ ಇಡೋರಿದ್ದಾರೆ. ಬೇಡ, ಬಿಸಿಗೆ ನೆಕ್ ತಿರುಚುತ್ತೆ, ಹೊಗೆ ಪಾಟ್‌ಗಳಿಗೆ ಇಳಿಯುತ್ತೆ.

ರೋಸ್‌ವುಡ್ ಬೆರಳುಹಲಗೆಯ ಮೇಲೆ ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ, ವರ್ಷಕ್ಕೆ ಎರಡು ಸಲ ಫ್ರೆಟ್‌ಬೋರ್ಡ್ ಎಣ್ಣೆ ನಾಲ್ಕೈದು ಹನಿ. ಅದರ ಬಾಟ್ಲಿ ಮೇಲೆ ಲೆಮನ್ ಆಯಿಲ್ ಅಂತ ಇರುತ್ತೆ. ಹಾಗಂತ ನಿಂಬೆಹಣ್ಣು ಹಿಂಡಬೇಡಿ. ತೆಂಗಿನೆಣ್ಣೆಯೂ ಬೇಡ, ಮುಗ್ಗಲು ವಾಸನೆ ಹಿಡಿಯುತ್ತೆ. ಪಾಲಿಶ್ ಆದ ಮೇಪಲ್ ಹಲಗೆಗೆ ಯಾವ ಎಣ್ಣೆಯೂ ಬೇಕಿಲ್ಲ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಪಾಟ್‌ನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು, ಆಮೇಲೆ ಆ ಕಡೆ ಈ ಕಡೆ ಇಪ್ಪತ್ತು ಸಲ ತಿರುಗಿಸಿ.

ಕೊಪ್ಪದಿಂದ

ಒಂದು ಸಾಲು ಸೇರಿಸ್ತೀನಿ. ಮಳೆ ಶುರುವಾದಾಗ ತಂತಿ ಎತ್ತರ ಆದಂಗೆ ಅನ್ನಿಸಿದರೆ ಸ್ಯಾಡಲ್ ಮುಟ್ಟಬೇಡಿ. ನೆಕ್ ತೇವ ಕುಡಿದು ಬಾಗಿರುತ್ತೆ; ಟ್ರಸ್ ರಾಡ್ ಕಾಲು ಸುತ್ತು ಜೂನ್‌ನಲ್ಲಿ ಬಿಗಿ, ಡಿಸೆಂಬರ್‌ನಲ್ಲಿ ಸಡಿಲ. ಹೆಚ್ಚಿನ ವರ್ಷ ಇಷ್ಟೇ ಸಾಕಾಗುತ್ತೆ.

ಪ್ರಶ್ನೆ ಕೇಳಿದವರು

ಹಂಬಕರ್ ಇರೋ ಫಿಕ್ಸೆಡ್ ಬ್ರಿಡ್ಜ್ ಗಿಟಾರ್ ಒಂದನ್ನ ಗುರುತು ಮಾಡಿಟ್ಟಿದೀನಿ. ಪರಿಚಯದವರ ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡೋ ಪೆಟ್ಟಿಗೆ) ಒಂದಕ್ಕೆ ಅವರದೇ ಗಿಟಾರ್ ಹಾಕಿ ನೋಡಿದಾಗ ಗುಂಯ್ ಅಂತ ಸದ್ದು, ತಂತಿ ಮುಟ್ಟಿದರೆ ಸದ್ದು ಕಮ್ಮಿ ಆಗುತ್ತೆ. ಆದರೆ ಬೆರಳಿಗೆ ಸಣ್ಣಗೆ ಜುಮ್ ಅಂದಂಗಾಯಿತು. ಇದು ಮಾಮೂಲಾ?

ಅರಸೀಕೆರೆಯಿಂದ, ವೈರಿಂಗ್ ಕೆಲಸದವರು

ಎರಡೂ ಬೇರೆ ಬೇರೆ ವಿಷಯ. ಮುಟ್ಟಿದಾಗ ಸದ್ದು ಕಮ್ಮಿ ಆಗೋದು ಮಾಮೂಲು: ನಿಮ್ಮ ಮೈ ಆಂಟೆನಾ ಥರ ಕರೆಂಟಿನ 50 ಹರ್ಟ್ಸ್ ಸದ್ದು ಎತ್ತಿಕೊಳ್ಳುತ್ತೆ, ತಂತಿ ಮುಟ್ಟಿದ ಕೂಡಲೆ ಮೈ ಗ್ರೌಂಡ್‌ಗೆ ಸೇರುತ್ತೆ. ಜುಮ್ ಅನ್ನೋದು ಮಾತ್ರ ಮಾಮೂಲಲ್ಲ. ಆ ಆಂಪ್ ಮತ್ತೆ ಹಾಕಬೇಡಿ.

ಗಿಟಾರಿನ ತಂತಿ ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ನೇರ ಆಂಪ್‌ನ ಲೋಹದ ಚಾಸಿಗೆ ಸೇರಿರುತ್ತೆ. ಚಾಸಿ ಅರ್ತ್ ಆಗಿರದೆ ಒಳಗೆಲ್ಲೋ ಸೋರಿಕೆ ಇದ್ದರೆ ಕರೆಂಟ್ ಬರೋದು ನಿಮ್ಮ ಬೆರಳಿಗೆ. ಮಲ್ಟಿಮೀಟರ್‌ ಬಳಸಿ ರೂಢಿ ಇರೋರ ಹತ್ತಿರ ಸಾಕೆಟ್ ನೋಡಿಸಿ: ಫೇಸ್–ನ್ಯೂಟ್ರಲ್ 230 ವೋಲ್ಟ್ ಆಸುಪಾಸು, ಫೇಸ್–ಅರ್ತ್ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್–ಅರ್ತ್ ಒಂದೆರಡು ವೋಲ್ಟ್. ಫೇಸ್–ಅರ್ತ್ ಬಹಳ ಕಮ್ಮಿ ತೋರಿಸಿದರೆ ಅಥವಾ ಓಲಾಡ್ತಿದ್ದರೆ ಸಾಕೆಟ್‌ನಲ್ಲಿ ಅರ್ತ್ ತೂತು ಇದೆ, ಅರ್ತ್ ಇಲ್ಲ. ಹಳೇ ಹೆಂಚಿನ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿದ್ದರೂ ಹೀಗಾಗುತ್ತೆ, ಎರಡು ಕೊಡ ನೀರು ಹೊಯ್ದು ಮತ್ತೆ ಅಳೆಯಲಿ. ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೆ ಲೈನ್ ಕಡಿಯೋ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಸದ್ದು ಕಮ್ಮಿ ಆಗುತ್ತೆ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯೋ ಸಲಹೆ ಯಾರು ಕೊಟ್ಟರೂ ಕೇಳಬೇಡಿ.

ಲ್ಯಾಪ್‌ಟಾಪ್ ಮೂಲಕ ನುಡಿಸುವಾಗ ಜುಮ್ ಅಂದರೆ ಚಾರ್ಜರ್ ಕಿತ್ತು ನೋಡಿ. ನಿಂತುಹೋದರೆ ಎರಡು ಪಿನ್ನಿನ ಚಾರ್ಜರ್‌ನ ಫಿಲ್ಟರ್ ಸೋರಿಕೆ ಅದು, ಬ್ಯಾಟರಿಯಲ್ಲೇ ನುಡಿಸಿ. ಭರಣಿ, ಕೃತಿಕಾ ಮಳೆಯ ಗುಡುಗಿನ ಹೊತ್ತಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಆಂಪ್ ದುಂಬಿಯಂತೆ ಹಾಡಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್, ಗಿಟಾರ್ ಕೆಟ್ಟಿಲ್ಲ.

ಮೂಡಿಗೆರೆಯವರೇ ಮತ್ತೆ

ಅದಕ್ಕೇ ನಿಮ್ಮ ಮನೆಗೆ, ನಿಮ್ಮ ಹೊತ್ತಿಗೆ ಆಂಪ್ ಸದ್ಯಕ್ಕೆ ಬೇಡ. ಗಿಟಾರಿನ ಜ್ಯಾಕಿಗೇ ಸಿಕ್ಕಿಸೋ ಬ್ಯಾಟರಿ ಹೆಡ್‌ಫೋನ್ ಆಂಪ್ ಸಾಕು. ವೈರ್ ಇರೋ ಹೆಡ್‌ಫೋನ್ ಮಾತ್ರ. ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು 100–200 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುತ್ತೆ, ತಾಳ ಕಲಿಯೋದೇ ಆಗಲ್ಲ. ಟಿವಿ ಸ್ಪೀಕರಿನ ಆಕ್ಸ್‌ಗೆ ನೇರ ಹಾಕಿದರೆ ಸದ್ದು ಮಂಕಾಗಿ ಸತ್ತಂಗೆ ಬರುತ್ತೆ, ಪಿಕಪ್‌ಗೆ 1 ಮೆಗಾಓಮ್ ರೋಧದ ಇನ್‌ಪುಟ್ ಬೇಕು.

ಬೇಲೂರಿನಿಂದ

ಎಲ್ಲರೂ ಸಾಮಾನಿನ ಬಗ್ಗೆಯೇ ಬರೆದಿರಿ, ಕೈ ಬಗ್ಗೆ ಯಾರೂ ಹೇಳಲಿಲ್ಲ.

ಬೆರಳನ್ನ ಫ್ರೆಟ್ ಮೇಲಲ್ಲ, ಅದರ ಬೆನ್ನಿಗೆ ಅಂಟಿದಂಗೆ ಇಡಿ. ಅಲ್ಲಿ ಬೇಕಾದ ಒತ್ತಡ ಮನೆಯ ನಡುವೆ ಬೇಕಾದ್ದಕ್ಕಿಂತ ಎಷ್ಟೋ ಕಮ್ಮಿ. ಎಷ್ಟು ಒತ್ತಬೇಕು ಅಂತ ತಿಳಿಯೋಕೆ ತಂತಿಯನ್ನ ಬರೇ ತಾಕಿಸಿ ಮೀಟ್ತಾ ಸ್ವಲ್ಪ ಸ್ವಲ್ಪವೇ ಒತ್ತಿ; ಸ್ವರ ಸ್ವಚ್ಛ ಆದ ಕ್ಷಣ ನಿಲ್ಲಿಸಿ. ಎಲೆಕ್ಟ್ರಿಕ್‌ನಲ್ಲಿ ಅದಕ್ಕಿಂತ ಒತ್ತಿದರೆ ಸ್ವರವೇ ಏರಿಹೋಗುತ್ತೆ. ಬೆರಳತುದಿ ಉರಿ ಎರಡು ಮೂರು ವಾರ ಇದ್ದು ಗಟ್ಟಿಯಾಗುತ್ತೆ. ಮಣಿಕಟ್ಟು, ಮೊಣಕೈ ನೋವು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ: ಕೂತಿದ್ದರೂ ಪಟ್ಟಿ ಹಾಕಿ, ನೆಕ್ ಸ್ವಲ್ಪ ಮೇಲ್ಮುಖ ಮಾಡಿ, ಮಣಿಕಟ್ಟು ನೆಟ್ಟಗಾಗುತ್ತೆ.

ಪಿಕ್ 0.73 ಮಿ.ಮೀ. ತನ್ನಿ, ಹೆಬ್ಬೆರಳಾಚೆ ತುದಿ ಮೂರು ನಾಲ್ಕು ಮಿ.ಮೀ.ಗಿಂತ ಜಾಸ್ತಿ ಕಾಣಬಾರದು. ಮೊದಲ ದಿನದಿಂದಲೇ ಕೆಳಗೆ ಒಂದು ಮೀಟು, ಮೇಲೆ ಒಂದು ಮೀಟು.

ನಿಮಗೆ ಸರಳೆ ಬರುತ್ತಲ್ಲ, ಅದಕ್ಕಿಂತ ಒಳ್ಳೇ ಸಾಧಕ ಇಂಟರ್ನೆಟ್ಟಿನಲ್ಲೂ ಸಿಗಲ್ಲ. ಸರಳೆಯ ರಾಗ ಮಾಯಾಮಾಳವಗೌಳ ಒಂದೇ ತಂತಿಯ ಮೇಲೆ: ಖಾಲಿ ತಂತಿ ಷಡ್ಜ, ಆಮೇಲೆ 1, 4, 5, 7, 8, 11, 12ನೇ ಫ್ರೆಟ್. ಇದು ಕೈಗೆ ಹತ್ತಿದ ಮೇಲೆ ಅಡ್ಡಕ್ಕೆ ಬನ್ನಿ (ಸಣ್ಣ ತಂತಿಯೇ ಒಂದನೆಯದು, ದಪ್ಪದ್ದು ಆರನೆಯದು): ಐದನೇ ತಂತಿಯ 3, 4; ನಾಲ್ಕನೆಯದರ 2, 3, 5, 6; ಮೂರನೆಯದರ 4, 5. ಮೆಟ್ರೋನೋಮ್ (ತಾಳ ಬಡಿಯೋ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟು ಒಂದು ಬಡಿತಕ್ಕೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಮೂರು ಕಾಲ, ಮನೆಯಲ್ಲಿ ಹಾಡಿದ ಹಾಗೇ. ಬಾಯಲ್ಲಿ ಸ್ವರ ಹೇಳ್ತಾ ನುಡಿಸಿ.

ಬೆಂಡ್ (ತಂತಿ ಪಕ್ಕಕ್ಕೆ ತಳ್ಳಿ ಸ್ವರ ಏರಿಸೋದು) ಮಾಡೋದು ಇದಾದ ಮೇಲೆ. ಮೂರನೇ ತಂತಿಯ 9ನೇ ಫ್ರೆಟ್ ಮೀಟಿ ಕಿವಿಯಲ್ಲಿಟ್ಟುಕೊಂಡು, 7ನೇ ಫ್ರೆಟ್ ಒತ್ತಿ ತಂತಿ ಮೇಲಕ್ಕೆ ತಳ್ಳಿ ಅದೇ ಸ್ವರಕ್ಕೆ ಮುಟ್ಟಿಸಿ. ಉಂಗುರಬೆರಳು ತಳ್ಳಲಿ, ಹಿಂದಿನ ಎರಡು ಬೆರಳು ಅದೇ ತಂತಿಯ ಮೇಲೆ ಆಸರೆ ಕೊಡಲಿ. ತಿರುಗಬೇಕಾದ್ದು ಮಣಿಕಟ್ಟು, ಬೆರಳಲ್ಲ.

ಹಾಸನದವರೇ ಮತ್ತೆ

ಕಾರ್ಡ್‌ಗಳಿಗೆ ಎರಡೇ ಸ್ವರದ ಪವರ್ ಕಾರ್ಡ್‌ನಿಂದ ಶುರು ಮಾಡಿ. ಐದನೇ ತಂತಿ ಖಾಲಿ, ನಾಲ್ಕನೆಯದು 2ನೇ ಫ್ರೆಟ್: ಎ5. ಅದೇ ಬೆರಳನ್ನ ಒಂದು ತಂತಿ ಮೇಲಕ್ಕೆ ಸರಿಸಿ ಆರನೆಯದನ್ನ ಖಾಲಿ ಮೀಟಿದರೆ ಇ5. ಉಳಿದ ತಂತಿಗಳ ಮೇಲೆ ಎಡಗೈ ಬೆರಳುಗಳು ಹಗುರಾಗಿ ಮಲಗಿರಲಿ. ಬಲಗೈ ಅಂಗೈಯ ಅಂಚು ಬ್ರಿಡ್ಜ್ ಮೇಲೆ ಅರ್ಧ, ತಂತಿ ಮೇಲೆ ಅರ್ಧ ಕೂತರೆ ಪಾಮ್ ಮ್ಯೂಟ್, ಸದ್ದು ಅದುಮಿದಂಗೆ ಬರುತ್ತೆ. ಇನ್ನೊಂದು ಸೆಂಟಿಮೀಟರ್ ಮುಂದೆ ಬಂದರೆ ಸ್ವರವೇ ಸತ್ತುಹೋಗುತ್ತೆ.

ಗೇನ್ (ಸದ್ದು ಒಡೆದು ಗರ್ಜಿಸೋ ಹಾಗೆ ಮಾಡೋ ಬಿರಡೆ) ಪೂರಾ ತಿರುಗಿಸಿ ನುಡಿಸಿದರೆ ಎಲ್ಲವೂ ಚೆನ್ನಾಗೇ ಕೇಳುತ್ತೆ, ಅದೇ ತೊಂದರೆ. ಯಾವ ಮೀಟು ಜೋರು, ಯಾವುದು ಮೆತ್ತಗೆ ಅನ್ನೋದು ಮುಚ್ಚಿಹೋಗುತ್ತೆ. ಅರ್ಧ ಹೊತ್ತು ಕ್ಲೀನ್ ಸದ್ದಿನಲ್ಲೇ ನುಡಿಸಿ.

ತೋರುಬೆರಳನ್ನ ಅಡ್ಡ ಮಲಗಿಸಿ ತಂತಿಗಳನ್ನ ಒಟ್ಟಿಗೆ ಒತ್ತೋ ಬ್ಯಾರೆ ಕಾರ್ಡನ್ನ ಮೊದಲನೇ ಫ್ರೆಟ್‌ನಲ್ಲಿ ಕಲಿಯಬೇಡಿ, 5ನೇ ಫ್ರೆಟ್‌ನಲ್ಲಿ ಕಲಿತು ಒಂದೊಂದೇ ಮನೆ ಕೆಳಗೆ ಬನ್ನಿ. ತೋರುಬೆರಳನ್ನ ಸ್ವಲ್ಪ ಹೊರಳಿಸಿ ಎಲುಬಿನ ಪಕ್ಕದಿಂದ ಒತ್ತಬೇಕು.

ಪ್ರಶ್ನೆ ಕೇಳಿದವರು

9ರ ತಂತಿ ಬಹಳ ಸಣ್ಣ, 10 ಹಾಕಿಸಿ ಅಂತ ಅಂಗಡಿಯವರು ಹೇಳ್ತಿದ್ದಾರೆ.

ಕೊಪ್ಪದಿಂದ

ಗಿಟಾರಿನ ಸ್ಕೇಲ್ ಉದ್ದ, ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ, ನೋಡಿ. ಫೆಂಡರ್ ಮಾದರಿಯ 25.5 ಇಂಚು ಆದರೆ 9. ಗಿಬ್ಸನ್ ಮಾದರಿಯ 24.75 ಆದರೆ ಅದೇ ತಂತಿ ಇನ್ನೂ ಸಡಿಲ ಅನ್ನಿಸುತ್ತೆ, 10 ಹಾಕಿಸಬಹುದು. ಒಂದು ಸೈಜಿನಿಂದ ಇನ್ನೊಂದಕ್ಕೆ ಹೋದರೆ ಎಳೆತ ಏಳೆಂಟು ಕೆ.ಜಿ. ಬದಲಾಗುತ್ತೆ, ಹಾಸನದವರು ಹೇಳಿದ ಅಳತೆಗಳನ್ನೆಲ್ಲ ಮೊದಲಿಂದ ಮತ್ತೆ ತೆಗೀಬೇಕು. ಅಂಗಡಿಯಲ್ಲೇ ತಂತಿ ಬದಲಿಸಿಕೊಟ್ಟರೆ ಟ್ರಸ್ ರಾಡ್ ಕೂಡ ಅಲ್ಲೇ ಸರಿಮಾಡಿಸಿ, 0.25ರ ಎಲೆ ತೂರುತ್ತಾ ಅಂತ ನಿಂತು ನೋಡಿ, ಆಮೇಲೆ ದುಡ್ಡು ಕೊಡಿ.