ಸಹಾಯ ಬೇಕು: ಪೈಥಾನ್ ಡಿಕ್ಷನರಿಯಲ್ಲಿ ಸ್ಟ್ರಿಂಗ್ ಕೀ ಹುಡುಕುವ ವೇಗವನ್ನು ಸರಿಯಾಗಿ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಿಪೈಥಾನ್‌ನಲ್ಲಿ (ಪೈಥಾನ್‌ನ ಮೂಲ ಆವೃತ್ತಿ) ಡಿಕ್ಷನರಿ ಲುಕಪ್, ಅಂದರೆ ಕೀ ಕೊಟ್ಟು ಅದರ ಮೌಲ್ಯ ಹುಡುಕುವುದು, ಎಷ್ಟು ವೇಗ ಅಂತ ಟೈಮಿಟ್‌ನಲ್ಲಿ (ಕೋಡ್ ಓಡುವ ಸಮಯ ಅಳೆಯುವ ಪೈಥಾನ್ ಮಾಡ್ಯೂಲ್) ಅಳೆಯುತ್ತಿದ್ದೇನೆ. ಹತ್ತು ಲಕ್ಷ ಕೀಗಳಿವೆ, ಎಲ್ಲವೂ ಸ್ಟ್ರಿಂಗ್. ಡಿಕ್ಷನರಿ ಕಟ್ಟುವಾಗ ಬಳಸಿದ ಸ್ಟ್ರಿಂಗ್‌ಗಳನ್ನೇ ಕೊಟ್ಟು ಹುಡುಕಿದರೆ ಫಟಾಫಟ್ ಮುಗಿಯುತ್ತದೆ. ಅದೇ ಕೀಗಳನ್ನು ಫೈಲ್‌ನಿಂದ ಮತ್ತೆ ಓದಿ, ಸ್ಪ್ಲಿಟ್ ಮಾಡಿ ಹುಡುಕಿದರೆ ಜಾಸ್ತಿ ಹೊತ್ತು ಹಿಡಿಯುತ್ತದೆ.

ಕಾರಣ ಒಂದು ಮಟ್ಟಿಗೆ ಗೊತ್ತು. ಸ್ಟ್ರಿಂಗ್ ಆಬ್ಜೆಕ್ಟ್ ತನ್ನ ಹ್ಯಾಶ್ ಅನ್ನು (ಡಿಕ್ಷನರಿಯಲ್ಲಿ ಕೀ ಎಲ್ಲಿದೆ ಅಂತ ಹುಡುಕಲು ಬಳಸುವ ಸಂಖ್ಯೆ) ಒಮ್ಮೆ ಲೆಕ್ಕ ಹಾಕಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಹೊಸ ಸ್ಟ್ರಿಂಗ್ ಆದರೆ ಆ ಲೆಕ್ಕ ಮೊದಲಿಂದ ಆಗಬೇಕು. ಆಬ್ಜೆಕ್ಟ್ ಅದೇ ಆಗಿದ್ದರೆ ಪಾಯಿಂಟರ್ (ಮೆಮೊರಿ ವಿಳಾಸ) ಹೋಲಿಸಿದರೆ ಸಾಕು, ಇಲ್ಲದಿದ್ದರೆ ಅಕ್ಷರಗಳನ್ನೂ ಹೋಲಿಸಬೇಕು. ಹಾಗಾಗಿ ಮೊದಲ ಬೆಂಚ್‌ಮಾರ್ಕ್ ಸುಮ್ನೆ ನೋಡೋಕೆ ಚೆಂದ, ಅಲ್ವಾ? ನಿಜವಾದ ಪ್ರೋಗ್ರಾಂಗೆ ಕೀಗಳು ಹೆಚ್ಚಾಗಿ ಹೊರಗಿನಿಂದಲೇ ಬರುತ್ತವೆ.

ಎರಡನೆಯದನ್ನು, ಅಂದರೆ ಹೊಸ ಸ್ಟ್ರಿಂಗ್ ಕೊಟ್ಟು ಹುಡುಕುವುದನ್ನು, ಅಳೆಯುವುದೇ ತಲೆನೋವು. ಟೈಮಿಟ್ ಒಂದೇ ತುಣುಕನ್ನು ಮತ್ತೆ ಮತ್ತೆ ಓಡಿಸುತ್ತದೆ. ಎರಡನೇ ಸುತ್ತಿಗೆ ಹ್ಯಾಶ್ ಆಗಲೇ ಸಿದ್ಧ! ಪ್ರತಿ ಸುತ್ತಿನೊಳಗೇ ಹೊಸ ಸ್ಟ್ರಿಂಗ್ ಮಾಡಿದರೆ ಸ್ಪ್ಲಿಟ್‌ನ ಖರ್ಚೂ ಲೆಕ್ಕಕ್ಕೆ ಸೇರುತ್ತದೆ. ಟೈಮಿಟ್‌ನ ನಂಬರ್ (ಒಂದು ಅಳತೆಯಲ್ಲಿ ತುಣುಕು ಎಷ್ಟು ಸಲ ಓಡಬೇಕು) 1 ಇಟ್ಟು ರಿಪೀಟ್ (ಅಳತೆಗಳ ಸಂಖ್ಯೆ) ಹೆಚ್ಚಿಸಿದರೆ ಸೆಟಪ್ (ಸಮಯಕ್ಕೆ ಸೇರದ ತಯಾರಿ ಕೋಡ್) ಪ್ರತಿ ಸಲ ಓಡುತ್ತದೆ, ಅದು ನಿಜ. ಆದರೆ ಸಮಯ ಒಂದೇ ಕಡೆ ನಿಲ್ಲುತ್ತಿಲ್ಲ.

ಪೈಥಾನ್ 3.3ರಿಂದ ಸ್ಟ್ರಿಂಗ್ ಹ್ಯಾಶ್ ಪ್ರತಿ ಪ್ರೊಸೆಸ್‌ಗೂ ಬದಲಾಗುತ್ತದಲ್ಲ, ಅದರಿಂದಲೂ ಇರಬಹುದು. ಹ್ಯಾಶ್ ಸೀಡ್ ಅನ್ನು (ಹ್ಯಾಶ್ ಲೆಕ್ಕದ ಆರಂಭಿಕ ಸಂಖ್ಯೆ) 0ಗೆ ಕಟ್ಟಿಹಾಕಿ ಅಳೆಯಬೇಕೇ, ಅಥವಾ ಬೇರೆ ಬೇರೆ ಪ್ರೊಸೆಸ್ ಓಡಿಸಿ ಮೀಡಿಯನ್ ತೆಗೆದುಕೊಳ್ಳಬೇಕೇ? ನನಗೆ ಎರಡನೆಯದೇ ಸರಿ ಅನಿಸುತ್ತದೆ. ಪೈಪರ್ಫ್ (ಪೈಥಾನ್ ಬೆಂಚ್‌ಮಾರ್ಕ್ ಮಾಡುವ ಲೈಬ್ರರಿ) ಬಳಸಿದವರು ಇದ್ದರೆ, ಸ್ಟ್ರಿಂಗ್ ತಯಾರಿಯ ಸಮಯವನ್ನು ಹೊರಗಿಡೋದು ಹೇಗೆ ಅಂತ ದಯವಿಟ್ಟು ತಿಳಿಸಿ. ಚಿಕ್ಕ ಕೋಡ್ ತುಣುಕು ಕೊಟ್ಟರೆ ಇನ್ನೂ ಒಳ್ಳೆಯದು.