9 ವರ್ಷದ ಮಗನಿಗೆ ಏರ್ ರೈಫಲ್ ಕಲಿಸಬಹುದಾ?

ಹೊಸ_ಅಪ್ಪ:
ಮನೆಯಲ್ಲಿ ನನ್ನದೊಂದು ಏರ್ ರೈಫಲ್ ಇದೆ, ಅಪ್ಪನ ಹಳೆಯ ಕೋವಿ ಬೀರುವಿನಲ್ಲಿದೆ. ಮಗನಿಗೆ ಈಗ 9. ನಾನು ರೈಫಲ್ ಒರೆಸುತ್ತಾ ಕೂತರೆ ಸಾಕು, ಪಕ್ಕಕ್ಕೆ ಬಂದು ಕೂರುತ್ತಾನೆ, ಕಣ್ಣೆಲ್ಲ ಅದರ ಮೇಲೇ. ಹೆಂಡತಿ "ಮುಟ್ಟಿಸಲೇಬೇಡಿ, ದೊಡ್ಡವನಾಗಲಿ" ಅನ್ನುತ್ತಾಳೆ. ಕದ್ದು ಮುಟ್ಟುವುದಕ್ಕಿಂತ ನನ್ನ ಮುಂದೆಯೇ ಮುಟ್ಟಿ ಕಲಿಯಲಿ ಅಂತ ನನಗೆ. ಮನೆಯಲ್ಲೇ ಕಲಿಸಿದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಿದಿರಿ? ಸುಮ್ನೆ ಹೆದರಿಸಬೇಡಿ, ಮಾಡಿ ನೋಡಿದವರು ಹೇಳಿ.

ಹತ್ತು_ಮೀಟರ್:
ಮಗಳಿಗೆ 10 ತುಂಬಿದಾಗ ಶುರು ಮಾಡಿದೆ. ಮೊದಲ ಎರಡು ವಾರ ಒಂದು ಪೆಲೆಟ್ಟೂ (ಏರ್ ರೈಫಲ್‌ನ ಪುಟ್ಟ ಗುಂಡು) ಕೊಡಲಿಲ್ಲ. ಖಾಲಿ ರೈಫಲ್ ಎತ್ತುವುದು, ಇಡುವುದು, ಇನ್ನೊಬ್ಬರ ಕೈಗೆ ಕೊಡುವುದು, ಅಷ್ಟೇ. ಅಮೆರಿಕದ ಬಂದೂಕು ತರಬೇತುದಾರ ಜೆಫ್ ಕೂಪರ್ ಹೇಳಿಕೊಟ್ಟ ನಾಲ್ಕು ನಿಯಮ ಇವೆಯಲ್ಲ, ಅದೇ ನಮ್ಮ ಪಾಠ: ಎಲ್ಲ ಬಂದೂಕೂ ತುಂಬಿದ್ದೇ ಅಂದುಕೋ, ಹಾಳಾಗಬಾರದ ಯಾವುದರ ಕಡೆಗೂ ನಳಿಕೆ ತಿರುಗಿಸಬೇಡ, ಗುರಿ ಕೂರುವ ತನಕ ಟ್ರಿಗರ್ ಮೇಲೆ ಬೆರಳಿಡಬೇಡ, ಗುರಿಯ ಹಿಂದೆ ಏನಿದೆ ಅಂತ ನೋಡಿಕೋ.

ಮಕ್ಕಳಿಗೆ ಕಷ್ಟ ಆಗುವುದು ಎರಡನೆಯದು. ಯಾರಾದರೂ ಕರೆದರೆ ರೈಫಲ್ ಸಮೇತ ಇಡೀ ಮೈಯನ್ನೇ ತಿರುಗಿಸುತ್ತಾರೆ! ಅದಕ್ಕೇ ನಾನು ಬೇಕಂತಲೇ ಹಿಂದಿನಿಂದ ಹೆಸರು ಹಿಡಿದು ಕರೆಯುತ್ತಿದ್ದೆ. ನಳಿಕೆ ತಿರುಗಿತೋ, ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು. ಬೈಯುವುದಿಲ್ಲ, ತೆಗೆದು ಒಳಗಿಡುವುದು ಅಷ್ಟೇ. ಐದಾರು ಸಲಕ್ಕೆ ತಲೆ ಮಾತ್ರ ತಿರುಗಿಸುವುದು ಕಲಿತಳು.

ಏರ್ ರೈಫಲ್ ತಾನೇ ಅಂತ ಹಗುರ ಮಾಡಬೇಡಿ, 4.5 ಮಿಲಿಮೀಟರ್ ಪೆಲೆಟ್ ಸಾಕು ಕಣ್ಣು ಹೋಗಲು. ಕನ್ನಡಕ ಅವನಿಗೂ ಬೇಕು, ಪಕ್ಕದಲ್ಲಿ ನಿಂತ ನಿಮಗೂ ಬೇಕು. ಸ್ಟೀಲಿನ ಬಿಬಿ ಗುಂಡು (ಪುಟ್ಟ ಗೋಲಿಯಂಥದ್ದು) ಗಟ್ಟಿ ಜಾಗಕ್ಕೆ ಬಡಿದರೆ ವಾಪಸ್ ಹಾರಿ ಬರುತ್ತದೆ, ಕಲ್ಲು ಗೋಡೆಗೆಲ್ಲ ಹೊಡೆಸಲೇಬೇಡಿ. ಪೆಲೆಟ್ ಸಾಮಾನ್ಯವಾಗಿ ಸೀಸದ್ದು, ಆಮೇಲೆ ಕೈ ತೊಳೆಸಿ. ನಿಮ್ಮದು ಸ್ಪ್ರಿಂಗ್ ರೈಫಲ್ ಆಗಿದ್ದರೆ ಪೆಲೆಟ್ ಇಲ್ಲದೆ ಹೊಡೆಸಬೇಡಿ, ಒಳಗೆ ಗಾಳಿ ಒತ್ತುವ ಪಿಸ್ಟನ್ ಹಾಳಾಗುತ್ತದೆ (ನನ್ನದು ಹಾಗೇ ಹೋಯಿತು).

ಎರಡು_ಮಕ್ಕಳ_ಅಮ್ಮ:
ಸರ್, ನಿಮ್ಮ ಮನೆಯವರ ಭಯ ಸುಳ್ಳಲ್ಲ. ಕಲಿಸಿಯಾಯಿತು, ಇನ್ನು ಬೀಗ ಯಾಕೆ ಅಂದುಕೊಳ್ಳುತ್ತೇವಲ್ಲ, ಅಪಾಯ ಅಲ್ಲೇ ಇರುವುದು. ಅಮೆರಿಕದಲ್ಲಿ 2001ರಲ್ಲಿ ಬಂದ ಒಂದು ಅಧ್ಯಯನ ಓದಿದ್ದೆ. 8ರಿಂದ 12 ವರ್ಷದ ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟು, ಡ್ರಾಯರಿನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು ಇಟ್ಟಿದ್ದರು. ಒಟ್ಟು 29 ಗುಂಪು, 21 ಗುಂಪಿಗೆ ಅದು ಸಿಕ್ಕಿತು, 16 ಗುಂಪು ಕೈಗೆತ್ತಿಕೊಂಡವು, 10 ಗುಂಪಿನಲ್ಲಿ ಯಾರೋ ಒಬ್ಬರಾದರೂ ಟ್ರಿಗರ್ ಒತ್ತಿಬಿಟ್ಟಿದ್ದರು. ಮುಟ್ಟಿದವರಲ್ಲಿ ಬಹಳಷ್ಟು ಜನಕ್ಕೆ ಮೊದಲೇ ಬುದ್ಧಿ ಹೇಳಿಯಾಗಿತ್ತಂತೆ! ಕಲಿಸಿ, ಬೇಡ ಅನ್ನುವುದಿಲ್ಲ. ಆದರೆ ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ, ಕೀ ನಿಮ್ಮ ಹತ್ತಿರ ಇರಲಿ. ಗೆಳೆಯರ ಮನೆಯಲ್ಲಿ ಬಂದೂಕು ಕಂಡರೆ ಮುಟ್ಟದೆ ಅಲ್ಲಿಂದ ಎದ್ದು ಬಂದು ದೊಡ್ಡವರಿಗೆ ಹೇಳುವುದನ್ನೂ ಆಡಿಸಿ ಆಡಿಸಿ ರೂಢಿ ಮಾಡಿಸಿ.

ಮೂಲೆಯವನು:
ವಯಸ್ಸು ಬಿಡಿ, ಆಟದಲ್ಲಿ ಸೋತಾಗ ಏನು ಮಾಡುತ್ತಾನೆ ನೋಡಿ. ಬ್ಯಾಟ್ ಎಸೆದು ಹೋಗುವ ಹುಡುಗನಾದರೆ ಇನ್ನೆರಡು ವರ್ಷ ಕಾಯಿರಿ. ದೊಡ್ಡವರ ರೈಫಲ್ ಅವನಿಗೆ ಭಾರವೂ ಆಗುತ್ತದೆ, ತೋಳು ಸೋತ ಮೇಲೆ ಯಾವ ನಿಯಮವೂ ನೆನಪಿರಲ್ಲ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಅದಕ್ಕೆ ಒರಗಿಸಿಕೊಂಡು ಹೊಡೆಯಲಿ. ನಿಮ್ಮ ಕಡೆ ಕಾನೂನು ಏನು ಹೇಳುತ್ತದೆ ಅಂತಾನೂ ಒಮ್ಮೆ ನೋಡಿಕೊಳ್ಳಿ.

ಹೊಸ_ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ಕೀ ವಿಷಯ ಓದಿದ ಮೇಲೆ ನಿನ್ನೆ ರಾತ್ರಿ ಸುಮ್ನೆ ಮಗನನ್ನು ಕೇಳಿದೆ, ಬೀರುವಿನ ಕೀ ಎಲ್ಲಿರುತ್ತೆ ಗೊತ್ತಾ ಅಂತ. ಹೋಮ್‌ವರ್ಕ್‌ನಿಂದ ತಲೆ ಕೂಡ ಎತ್ತಲಿಲ್ಲ, "ಗಡಿಯಾರದ ಹಿಂದೆ" ಅಂದ. ಮೂರು ವರ್ಷದಿಂದ ಅದು ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ. ಇವತ್ತು ನಂಬರ್ ಲಾಕ್ ಇರುವ ಪೆಟ್ಟಿಗೆ ನೋಡಲು ಹೊರಟಿದ್ದೇನೆ, ಪಾಠ ಆಮೇಲೆ.